ಸಣ್ಣ ವಿಮಾನದಲ್ಲಿ ಟ್ಯಾಬ್ಲೆಟ್ಟನ್ನು ಎಷ್ಟು ನಂಬಬಹುದು?

ಸೆಸ್ನಾ 172ರಂಥ ನಾಲ್ಕು ಸೀಟಿನ ವಿಮಾನದಲ್ಲಿ ಪೈಲಟ್ ಒಬ್ಬರೇ ಇದ್ದರೆ ಕೈ ತುಂಬ ಕೆಲಸ. ವಿಮಾನ ಹಾರಿಸಬೇಕು, ರೇಡಿಯೋದಲ್ಲಿ ಮಾತಾಡಬೇಕು, ಬೇರೆ ವಿಮಾನ ಹತ್ತಿರ ಬರುತ್ತಿದೆಯಾ ಅಂತ ಹೊರಗೆ ಕಣ್ಣಿಟ್ಟಿರಬೇಕು. ಇಷ್ಟರ ನಡುವೆ ತಾವೀಗ ಎಲ್ಲಿದ್ದೇವೆ ಅನ್ನುವುದೂ ಗೊತ್ತಿರಬೇಕು. ಮೊದಲೆಲ್ಲ ಇದಕ್ಕೆ ಕಾಗದದ ನಕ್ಷೆ, ಪೆನ್ಸಿಲ್, ಗಡಿಯಾರ, ದಿಕ್ಸೂಚಿ ಸಾಕಿತ್ತು. 2010ರಲ್ಲಿ ಐಪ್ಯಾಡ್ ಬಂತು. ಕೆಲವೇ ವರ್ಷಗಳಲ್ಲಿ ಕಾಗದದ ನಕ್ಷೆ ಚೀಲದ ತಳ ಸೇರಿತು. ಫೋರ್‌ಫ್ಲೈಟ್, ಸ್ಕೈಡೆಮನ್ ಥರದ ಆ್ಯಪ್‌ಗಳಲ್ಲಿ ನಕ್ಷೆಯ ಮೇಲೆ ಪುಟ್ಟದೊಂದು ವಿಮಾನದ ಚಿತ್ರ ತಾನಾಗಿಯೇ ಚಲಿಸುತ್ತದೆ. ನಿರ್ಬಂಧವಿರುವ ವಾಯುಪ್ರದೇಶ ಹತ್ತಿರವಾದರೆ ಎಚ್ಚರಿಕೆ ಬರುತ್ತದೆ.

ಇದರಿಂದ ಪೈಲಟ್‌ಗಳ ತಲೆಭಾರ ಎಷ್ಟೋ ಇಳಿದಿದೆ. ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರವೇ ಚಲಿಸುವ ನಕ್ಷೆ ಬಳಸಿ ಅಂತ ಖಾಸಗಿ ಪೈಲಟ್‌ಗಳಿಗೆ ಹೇಳುತ್ತಿದೆ. ಟ್ಯಾಬ್ಲೆಟ್ ಬೇಕೇ ಬೇಡವೇ ಅನ್ನುವುದು ಈಗ ಪ್ರಶ್ನೆಯಲ್ಲ. ಅದು ಕೈಕೊಡುತ್ತದೆಯೇ ಅನ್ನುವುದೂ ದೊಡ್ಡ ಪ್ರಶ್ನೆಯಲ್ಲ, ಯಾವ ಯಂತ್ರವಾದರೂ ಒಂದಲ್ಲ ಒಂದು ದಿನ ಕೈಕೊಡುತ್ತದೆ. ನನಗೆ ಮುಖ್ಯ ಅನ್ನಿಸುವುದು ಬೇರೆ ಎರಡು ವಿಷಯ. ಅದು ಕೈಕೊಟ್ಟದ್ದು ಪೈಲಟ್‌ಗೆ ಗೊತ್ತಾಗುತ್ತದಾ? ಅದರ ಜತೆಗೆ ಇನ್ನೇನೇನು ಕೈಕೊಡುತ್ತದೆ?

ಎಲ್ಲರೂ ಮೊದಲು ಹೇಳುವ ತೊಂದರೆ ಬಿಸಿಲಿನದು. ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಐಪ್ಯಾಡನ್ನು 0ರಿಂದ 35 ಡಿಗ್ರಿ ಸೆಲ್ಸಿಯಸ್ ಇರುವ ಕಡೆ ಬಳಸಿ ಅಂತ ಆಪಲ್ ಹೇಳುತ್ತದೆ. ಅದು ಸುತ್ತಲಿನ ಗಾಳಿಯ ಲೆಕ್ಕ. ಕಾಕ್‌ಪಿಟ್‌ನಲ್ಲಿ ಗಾಳಿಗಿಂತ ಬಿಸಿಲಿನ ಕಾಟ ಜಾಸ್ತಿ. ನೆತ್ತಿಯ ಮೇಲಿನ ಸೂರ್ಯನಿಂದ ಪ್ರತಿ ಚದರ ಮೀಟರಿಗೆ ಸುಮಾರು 1000 ವ್ಯಾಟ್ ಶಕ್ತಿ ಬೀಳುತ್ತದೆ. 25 ಸೆಂಟಿಮೀಟರ್ ಉದ್ದ, 17 ಸೆಂಟಿಮೀಟರ್ ಅಗಲದ ಟ್ಯಾಬ್ಲೆಟ್ ಸೂರ್ಯನಿಗೆ ಮುಖ ಮಾಡಿದ್ದರೆ ಅದರ ಮೇಲೆ ಬೀಳುವುದು 40 ವ್ಯಾಟ್‌ಗೂ ಜಾಸ್ತಿ. ಮುಖ ಕಪ್ಪು ಗಾಜು, ಹೆಚ್ಚಿನದನ್ನು ಹೀರಿಕೊಳ್ಳುತ್ತದೆ. ಇನ್ನು ಟ್ಯಾಬ್ಲೆಟ್ ತಾನಾಗಿ ಎಷ್ಟು ಬಿಸಿ ಮಾಡಿಕೊಳ್ಳುತ್ತದೆ? ಸುಮಾರು 29 ವ್ಯಾಟ್‌ಗಂಟೆಯ ಬ್ಯಾಟರಿ 10 ಗಂಟೆ ಬಾಳುತ್ತದೆ ಅಂದರೆ ಸರಾಸರಿ 3 ವ್ಯಾಟ್, ಅಷ್ಟೇ. ಅಂದರೆ ಒಳಗಿನ ಬಿಸಿಗಿಂತ ಹತ್ತು ಪಟ್ಟಿಗೂ ಜಾಸ್ತಿ ಬಿಸಿ ಹೊರಗಿನಿಂದ ಬರುತ್ತಿದೆ. ಅದನ್ನು ಹೊರಹಾಕಲು ಒಳಗೆ ಫ್ಯಾನ್ ಇಲ್ಲ. ತಲೆಯ ಮೇಲೂ ಗಾಜಿನ ಮುಚ್ಚಳವಿರುವ ವಿಮಾನಗಳಲ್ಲಿ ನೆರಳೂ ಇಲ್ಲ.

ಇಂಥ ಹೊತ್ತಲ್ಲಿ ಟ್ಯಾಬ್ಲೆಟ್ ಒಮ್ಮೆಲೇ ಆರಿಹೋಗುವುದಿಲ್ಲ. ಚಾರ್ಜಿಂಗ್ ನಿಧಾನವಾಗುತ್ತದೆ ಅಥವಾ ನಿಲ್ಲುತ್ತದೆ. ಪರದೆ ಮಂಕಾಗುತ್ತದೆ. ಬಿಸಿಲು ಜೋರಾಗಿರುವಾಗಲೇ ಪರದೆ ಮಂಕಾದರೆ ನಕ್ಷೆ ಕಾಣುವುದೇ ಕಷ್ಟ. ಆಮೇಲೆ ಎಲ್ಲ ಕಪ್ಪಾಗಿ ಥರ್ಮಾಮೀಟರ್ ಚಿತ್ರದ ಎಚ್ಚರಿಕೆ ಮಾತ್ರ ಉಳಿಯುತ್ತದೆ. ಮಂಕಾಗುವ ಆ ಹಂತವನ್ನು ಗುರುತಿಸಿದ ಪೈಲಟ್‌ಗೆ ಸಮಯ ಸಿಗುತ್ತದೆ. ಟ್ಯಾಬ್ಲೆಟ್ಟನ್ನು ಗಾಜಿನ ಬಳಿಯಿಂದ ತೆಗೆದು ತೊಡೆಯ ಮೇಲೆ ನೆರಳಿಗೆ ಇಟ್ಟುಕೊಳ್ಳಬಹುದು, ಗಾಳಿ ಬರುವ ಕಿಂಡಿಯನ್ನು ಅದರ ಕಡೆ ತಿರುಗಿಸಬಹುದು, ಚಾರ್ಜರ್ ಕಳಚಬಹುದು. ಇಷ್ಟು ಮಾಡಿದರೆ ಎಷ್ಟೋ ಸಲ ಅದು ಚೇತರಿಸಿಕೊಳ್ಳುತ್ತದೆ.

ವಿಮಾನದಲ್ಲೇ ಕೂರಿಸಿದ ಉಪಕರಣಗಳಿಗೆ ಇಂಥ ಸಂಕಟ ಅಪರೂಪ. ಅವು ಡಿಒ-160 ಎಂಬ ಮಾನದಂಡದ ಪ್ರಕಾರ ಬಿಸಿ, ಚಳಿ, ತೇವ, ನಡುಕ, ವಿದ್ಯುತ್ತಿನ ಏರಿಳಿತ ಎಲ್ಲದರ ಪರೀಕ್ಷೆ ದಾಟಿ ಬಂದಿರುತ್ತವೆ. ದೊಡ್ಡ ಪ್ರಯಾಣಿಕ ವಿಮಾನಗಳಲ್ಲಿ, ಯಾವುದು ಕೆಟ್ಟರೆ ವಿಮಾನವೇ ಉಳಿಯುವುದಿಲ್ಲವೋ ಅಂಥ ದೋಷದ ಸಾಧ್ಯತೆ ಹಾರಾಟದ ಒಂದು ಗಂಟೆಗೆ 100 ಕೋಟಿಯಲ್ಲಿ ಒಂದಕ್ಕಿಂತ ಕಡಿಮೆ ಇರಬೇಕು. ಮನೆಯಲ್ಲಿ ಸೋಫಾದ ಮೇಲೆ ಕೂತು ವಿಡಿಯೋ ನೋಡಲು ಮಾಡಿದ ಸಾಧನದಿಂದ ಇದನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಇಷ್ಟಾದರೂ ಪರದೆ ಕಪ್ಪಾಗುವುದು ಪ್ರಾಮಾಣಿಕ ಸೋಲು. ಕೆಟ್ಟಿದೆ ಅಂತ ತಕ್ಷಣ ಗೊತ್ತಾಗುತ್ತದೆ. ಪರದೆ ಬೆಳಗುತ್ತಲೇ ಇದ್ದು ತಪ್ಪು ಜಾಗ ತೋರಿಸಿದರೆ? ನನಗೆ ಹೆಚ್ಚು ಭಯ ಹುಟ್ಟಿಸುವುದು ಇದು. ಆ್ಯಪ್ ಅಲ್ಲಾಡದೆ ನಿಂತರೂ ನಕ್ಷೆ, ಬಣ್ಣ, ಪುಟ್ಟ ವಿಮಾನ ಎಲ್ಲ ಇದ್ದ ಹಾಗೇ ಇರುತ್ತವೆ. 100 ನಾಟ್, ಅಂದರೆ ಗಂಟೆಗೆ 185 ಕಿಲೋಮೀಟರ್ ವೇಗದಲ್ಲಿ ಹೋಗುವ ವಿಮಾನ ಒಂದು ನಿಮಿಷಕ್ಕೆ 3 ಕಿಲೋಮೀಟರ್ ದಾಟುತ್ತದೆ. ರೇಡಿಯೋದಲ್ಲಿ ಎರಡು ಮಾತಾಡಿ ತಿರುಗಿ ನೋಡುವಷ್ಟರಲ್ಲಿ ಪರದೆಯ ವಿಮಾನ ಒಂದು ಕಡೆ, ನಿಜವಾದ ವಿಮಾನ ಇನ್ನೊಂದು ಕಡೆ.

ಜಿಪಿಎಸ್‌ಗೆ ನಿಮ್ಮ ಜಾಗ ಹೇಳಲು ಕನಿಷ್ಠ 4 ಉಪಗ್ರಹ ಬೇಕು. ಐದನೆಯದೂ ಸಿಕ್ಕರೆ ಲೆಕ್ಕವನ್ನು ತಾಳೆ ನೋಡಬಹುದು. ಯಾವುದೋ ಒಂದು ಉಪಗ್ರಹ ತಪ್ಪು ಹೇಳುತ್ತಿದೆ ಅಂತ ಆಗ ಗೊತ್ತಾಗುತ್ತದೆ. ವಿಮಾನದ ಅಧಿಕೃತ ಜಿಪಿಎಸ್ ಯಂತ್ರಗಳು ಈ ತಾಳೆ ನೋಡುವ ಕೆಲಸವನ್ನು ಸದಾ ಮಾಡುತ್ತವೆ, ಅನುಮಾನ ಬಂದರೆ ಪೈಲಟ್‌ಗೆ ಹೇಳುತ್ತವೆ. ಸಾಮಾನ್ಯ ಟ್ಯಾಬ್ಲೆಟ್ ಹೀಗೆ ಹೇಳಲು ಮಾಡಿದ್ದಲ್ಲ. ಮೋಡದೊಳಗೆ, ಹೊರಗೇನೂ ಕಾಣದೆ ಉಪಕರಣಗಳನ್ನೇ ನೆಚ್ಚಿ ಹಾರುವಾಗ ಟ್ಯಾಬ್ಲೆಟ್ಟಿನ ಜಿಪಿಎಸ್ ಒಂದನ್ನೇ ನಂಬುವಂತಿಲ್ಲ ಅನ್ನುವ ನಿಯಮಕ್ಕೆ ಇದೂ ಒಂದು ಕಾರಣ. ನೆಲ ಕಾಣುತ್ತಿದ್ದರೆ ಪರದೆಯ ನದಿ, ರೈಲುಹಳಿಗಳನ್ನು ಕಿಟಕಿಯಾಚೆಯ ನದಿ, ರೈಲುಹಳಿಗಳ ಜತೆ ಪೈಲಟ್ ತಾವೇ ತಾಳೆ ನೋಡಬಹುದು.

ಇನ್ನೊಂದು ಚಿಕ್ಕ ಸಂಗತಿ. ಸಿಮ್ ಸೌಲಭ್ಯವಿಲ್ಲದ, ವೈಫೈ ಮಾತ್ರ ಇರುವ ಐಪ್ಯಾಡ್‌ಗಳಲ್ಲಿ ಜಿಪಿಎಸ್ ಚಿಪ್ಪೇ ಇರುವುದಿಲ್ಲ. ನೆಲದ ಮೇಲೆ ಅವು ಸುತ್ತಲಿನ ವೈಫೈ ನೋಡಿ ಜಾಗ ಊಹಿಸುತ್ತವೆ. ಮನೆಯಲ್ಲಿ ಪರೀಕ್ಷಿಸಿದಾಗ ಎಲ್ಲ ಸರಿಯಾಗಿಯೇ ಕಾಣುತ್ತದೆ. ಮೇಲೆ ಹೋದ ಮೇಲೆ ವೈಫೈ ಎಲ್ಲಿ ಬರಬೇಕು? ಅಂಥವಕ್ಕೆ ಬೇರೆ ಜಿಪಿಎಸ್ ರಿಸೀವರ್ ಜೋಡಿಸಲೇಬೇಕು. ವಿಮಾನಯಾನದ ನಕ್ಷೆಗಳ ಪರಿಷ್ಕರಣೆ 28 ದಿನಗಳ ಚಕ್ರದಲ್ಲಿ ನಡೆಯುತ್ತದೆ. ಹೊಸದನ್ನು ಟ್ಯಾಬ್ಲೆಟ್ಟಿಗೇ ಇಳಿಸಿಕೊಂಡಿದ್ದೇವಾ, ಇಂಟರ್ನೆಟ್ ಇದ್ದದ್ದರಿಂದ ಸುಮ್ನೆ ಕಾಣಿಸುತ್ತಿತ್ತಾ ಅಂತ ತಿಳಿಯಲು ಹೊರಡುವ ಮೊದಲೇ ಏರ್‌ಪ್ಲೇನ್ ಮೋಡ್ ಹಾಕಿ ಇಡೀ ದಾರಿಯನ್ನು ಒಮ್ಮೆ ತೆರೆದು ನೋಡಿದರೆ ಸಾಕು.

ಇನ್ನು ಎರಡನೆಯ ಪ್ರಶ್ನೆ. ಒಂದು ಟ್ಯಾಬ್ಲೆಟ್ ಕೆಟ್ಟರೆ ಇರಲಿ ಅಂತ ಅನೇಕರು ಇನ್ನೊಂದನ್ನು ಇಟ್ಟುಕೊಳ್ಳುತ್ತಾರೆ. ಲೆಕ್ಕ ಸುಲಭ ಅಲ್ವಾ? ಒಂದು ನೂರರಲ್ಲಿ ಒಂದು ಸಲ ಕೈಕೊಡುತ್ತದೆ ಅಂದುಕೊಂಡರೆ, ಎರಡೂ ಒಟ್ಟಿಗೆ ಕೈಕೊಡುವುದು ಹತ್ತು ಸಾವಿರದಲ್ಲಿ ಒಂದು ಸಲ. ಈ ಲೆಕ್ಕ ಸರಿಯಾಗಬೇಕಾದರೆ ಒಂದರ ಸೋಲಿಗೂ ಇನ್ನೊಂದರ ಸೋಲಿಗೂ ಸಂಬಂಧ ಇರಬಾರದು. ಎರಡೂ ಒಂದೇ ಬಿಸಿಲಲ್ಲಿ ಕೂತಿದ್ದರೆ, ಒಂದೇ ಆ್ಯಪ್, ಒಂದೇ ನಕ್ಷೆ, ನಿನ್ನೆ ರಾತ್ರಿ ಬಂದ ಒಂದೇ ಅಪ್‌ಡೇಟ್ ಇದ್ದರೆ, ಆ ಗುಣಾಕಾರ ಬಿದ್ದುಹೋಗುತ್ತದೆ.

2015ರ ಏಪ್ರಿಲ್‌ನಲ್ಲಿ ಅಮೆರಿಕನ್ ಏರ್‌ಲೈನ್ಸ್‌ನಲ್ಲಿ ನಡೆದದ್ದು ಇದೇ. ಪೈಲಟ್‌ಗಳ ಐಪ್ಯಾಡ್‌ಗಳಲ್ಲಿನ ನಕ್ಷೆಯ ಆ್ಯಪ್ ಕೈಕೊಟ್ಟು ಹಲವಾರು ವಿಮಾನಗಳು ತಡವಾದವು. ವಾಷಿಂಗ್ಟನ್ನಿನ ರೇಗನ್ ವಿಮಾನ ನಿಲ್ದಾಣದ ಒಂದು ನಕ್ಷೆ ದತ್ತಾಂಶದಲ್ಲಿ ಎರಡು ಸಲ ಸೇರಿಕೊಂಡಿತ್ತು, ಆ್ಯಪ್‌ಗೆ ಅದನ್ನು ನಿಭಾಯಿಸಲು ಆಗಲಿಲ್ಲ. ಕ್ಯಾಪ್ಟನ್ ಹತ್ತಿರ ಒಂದು ಐಪ್ಯಾಡ್, ಸಹ ಪೈಲಟ್ ಹತ್ತಿರ ಇನ್ನೊಂದು ಇದ್ದರೂ ಉಪಯೋಗವಾಗಲಿಲ್ಲ. ತಪ್ಪು ಎರಡರಲ್ಲೂ ಒಂದೇ ಆಗಿತ್ತು. ಟ್ಯಾಬ್ಲೆಟ್‌ಗಳಲ್ಲಿ ಯಾವ ದೋಷವೂ ಇರಲಿಲ್ಲ ಅನ್ನುವುದನ್ನು ಗಮನಿಸಿ.

ಟ್ಯಾಬ್ಲೆಟ್ ತಾನು ಕೆಡದೆಯೂ ಬೇರೆಯದನ್ನು ಕೆಡಿಸಬಹುದು. ಅದರ ಕವರ್‌ನಲ್ಲಿ ಅಯಸ್ಕಾಂತಗಳಿರುತ್ತವೆ. ಅದನ್ನು ದಿಕ್ಸೂಚಿಯ ಪಕ್ಕದಲ್ಲಿ ಅಂಟಿಸಿದರೆ ದಿಕ್ಸೂಚಿಯ ಮುಳ್ಳು ಬೇರೆ ಕಡೆ ವಾಲುತ್ತದೆ. ಅಗ್ಗದ ಯುಎಸ್‌ಬಿ ಚಾರ್ಜರ್‌ಗಳು ರೇಡಿಯೋ ಗದ್ದಲ ಸೂಸುತ್ತವೆ. ಪೈಲಟ್‌ಗಳು ಮಾತಾಡುವ 118ರಿಂದ 137 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಅದು ಕರಕರ ಸದ್ದಾಗಿ ಕೇಳಿಸುತ್ತದೆ. ನಕ್ಷೆ ಹೋದಾಗ ಆಸರೆಯಾಗಬೇಕಾದ ದಿಕ್ಸೂಚಿ ಮತ್ತು ರೇಡಿಯೋ ಎರಡಕ್ಕೂ ಹೀಗೆ ಏಟು ಬೀಳುತ್ತದೆ. ಕಾಕ್‌ಪಿಟ್‌ನಲ್ಲಿ ಟ್ಯಾಬ್ಲೆಟ್ ಕೂರಿಸಿದ ಮೇಲೆ ದಿಕ್ಸೂಚಿಯನ್ನು ರನ್‌ವೇ ದಿಕ್ಕಿನ ಜತೆ ಹೋಲಿಸಿ ನೋಡುವುದಕ್ಕೆ ಹತ್ತು ಸೆಕೆಂಡ್ ಸಾಕು.

ಹಾಗಾಗಿ ಎರಡನೆಯ ಟ್ಯಾಬ್ಲೆಟ್‌ಗಿಂತ ಜೇಬಿನಲ್ಲಿರುವ ಫೋನ್ ಒಳ್ಳೆಯ ಆಸರೆ ಅನ್ನುವುದು ನನ್ನ ಅಭಿಪ್ರಾಯ. ಅದು ನೆರಳಲ್ಲಿದೆ, ಬ್ಯಾಟರಿ ಬೇರೆ, ಜಿಪಿಎಸ್ ಚಿಪ್ ಬೇರೆ. ಅದರಲ್ಲಿ ಬೇರೆ ಕಂಪನಿಯ ಆ್ಯಪ್ ಹಾಕಿಕೊಂಡರೆ ಇನ್ನೂ ಒಳ್ಳೆಯದು. ಅಪ್‌ಡೇಟ್‌ಗಳನ್ನು ಎರಡರಲ್ಲೂ ಒಂದೇ ದಿನ ಹಾಕದೆ, ಒಂದರಲ್ಲಿ ಹಾಕಿ ಕೆಲವು ದಿನ ನೋಡಬೇಕು.

ಆದರೆ ಫೋನೂ ಟ್ಯಾಬ್ಲೆಟ್ಟೂ ಕೇಳುವುದು ಆಕಾಶದ ಅವೇ ಉಪಗ್ರಹಗಳನ್ನು. ಜಿಪಿಎಸ್ ಉಪಗ್ರಹಗಳು 20,200 ಕಿಲೋಮೀಟರ್ ಮೇಲಿವೆ. ಅಲ್ಲಿಂದ ಬರುವಷ್ಟರಲ್ಲಿ ಸಂಕೇತ ಎಷ್ಟು ಸೊರಗಿರುತ್ತದೆ ಅಂದರೆ, ಒಂದು ವ್ಯಾಟ್‌ನ ಕೋಟಿಯಲ್ಲೊಂದು ಪಾಲು ತೆಗೆದು, ಅದರ ಕೋಟಿಯಲ್ಲೊಂದು ಪಾಲು ತೆಗೆದು, ಮತ್ತೆ ಅದರ ನೂರರಲ್ಲೊಂದು ಪಾಲು ತೆಗೆದರೆ ಉಳಿಯುವಷ್ಟು. ನೆಲದ ಮೇಲಿನ ಚಿಕ್ಕ ಟ್ರಾನ್ಸ್‌ಮಿಟರ್ ಕೂಡ ಇದನ್ನು ಮುಳುಗಿಸಿಬಿಡಬಲ್ಲದು. ಪೂರ್ವ ಮೆಡಿಟರೇನಿಯನ್, ಬಾಲ್ಟಿಕ್ ಪ್ರದೇಶಗಳಲ್ಲಿ ಈಚಿನ ವರ್ಷಗಳಲ್ಲಿ ಹೀಗೆ ಜಿಪಿಎಸ್ ಅಡ್ಡಿಪಡಿಸುವುದು ಆಗಾಗ ನಡೆಯುತ್ತಿದೆ. ಆಗ ಟ್ಯಾಬ್ಲೆಟ್, ಫೋನ್, ಅಧಿಕೃತ ಯಂತ್ರ, ಮೂರೂ ಒಂದೇ ಕ್ಷಣಕ್ಕೆ ದಾರಿ ಮರೆಯಬಹುದು. ಉಪಗ್ರಹ ಬೇಡದ ದಾರಿಗಳು ಆಗಲೂ ಇರುತ್ತವೆ. ಕೊನೆಯ ಸಲ ಖಚಿತವಾಗಿ ಗುರುತಿಸಿದ ಜಾಗ, ಅಲ್ಲಿಂದ ಕಳೆದ ಸಮಯ, ದಿಕ್ಸೂಚಿಯ ದಿಕ್ಕು, ವಿಮಾನದ ವೇಗ, ಇವಿಷ್ಟರಿಂದ ಈಗಿನ ಜಾಗ ಅಂದಾಜು ಮಾಡಬಹುದು. ಅದೂ ಆಗದಿದ್ದರೆ ತುರ್ತು ಕರೆಗೆಂದೇ ಇರುವ 121.5 ಮೆಗಾಹರ್ಟ್ಸ್‌ನಲ್ಲಿ ಕರೆದು, ದಾರಿ ತಪ್ಪಿದೆ ಅಂತ ಹೇಳಿ ಸಹಾಯ ಕೇಳಬಹುದು.