ಕರೆಂಟ್ ಹೋದಾಗ ಫೈಬರ್ ಏಕೆ ಸುಮ್ಮನಾಗುತ್ತದೆ?

ಚಳ್ಳಕೆರೆ ಸೀಮೆಯ ಒಂದು ಪಂಚಾಯಿತಿ ಕಚೇರಿ. ಕಡತದ ಬೀರುವಿನ ಮೇಲೆ ಅಂಗೈಯಗಲದ ಬಿಳಿ ಪೆಟ್ಟಿಗೆ, ಅದರೊಳಕ್ಕೆ ಹೋದ ಹಳದಿ ಎಳೆ, ಕೆಳಗೆ ಹೊಟ್ಟೆ ಉಬ್ಬಿದ ಬ್ಯಾಟರಿ. ಮಧ್ಯಾಹ್ನ ಕರೆಂಟ್ ಹೋಯಿತೆಂದರೆ ಪೆಟ್ಟಿಗೆಯ ಹಸಿರು ದೀಪವೂ ಹೋಯಿತು. ಪಹಣಿಗೆಂದು ಬಂದ ಅಜ್ಜ ಜಗಲಿಯ ಮೇಲೆ ಕೂತೇ ಇರುತ್ತಾನೆ. ಬೆಳಕಿನ ಮೂಲಕ ಇಂಟರ್ನೆಟ್ ತರುವ ನೆಲದಡಿಯ ಗಾಜಿನೆಳೆಗೆ, ಅಂದರೆ ಫೈಬರ್‌ಗೆ ಮಾತ್ರ ಏನೂ ಆಗಿರುವುದಿಲ್ಲ.

ಫೈಬರ್ ಬೆಳೆದದ್ದೇ ಶಕ್ತಿ ಉಳಿಸುತ್ತಾ. 1966ರಲ್ಲಿ ವಿಜ್ಞಾನಿ ಚಾರ್ಲ್ಸ್ ಕಾವೋ ಗಾಜಿನೆಳೆಯ ಕನಸು ಮುಂದಿಟ್ಟಾಗ, ಒಂದು ಕಿಲೋಮೀಟರ್ ಸಾಗಿದ ಮೇಲೆ ನೂರರಲ್ಲಿ ಒಂದು ಪಾಲು ಬೆಳಕು ಉಳಿದರೂ ಸಾಕಿತ್ತು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿ ಅದನ್ನು ದಾಟಿತು. ಇಂದಿನ ಒಳ್ಳೆಯ ಫೈಬರ್‌ನಲ್ಲಿ ಕಿಲೋಮೀಟರಿಗೆ 95 ಪಾಲು ಉಳಿಯುತ್ತದೆ. ದಾವಣಗೆರೆಯಲ್ಲಿ ಬಿಟ್ಟ ಬೆಳಕು ಸುಮಾರು 60 ಕಿ.ಮೀ. ಆಚೆಯ ಚಿತ್ರದುರ್ಗಕ್ಕೆ 16ರಲ್ಲಿ ಒಂದು ಪಾಲಾಗಿ ತಲುಪಬಲ್ಲದು, ನಡುವೆ ಎಲ್ಲೂ ಕರೆಂಟ್ ಬೇಡ. 1987ರಲ್ಲಿ ಎರ್ಬಿಯಂ ಎಂಬ ಲೋಹ ಬೆರೆಸಿದ, ಬೆಳಕನ್ನು ಬೆಳಕಾಗಿಯೇ ಬಲಪಡಿಸುವ ಫೈಬರ್ ಆಂಪ್ಲಿಫೈಯರ್ ಬಂತು. ದೂರದ ಮಾರ್ಗಗಳಲ್ಲಿ ಬೆಳಕನ್ನು ವಿದ್ಯುತ್ತಾಗಿಸಿ ಮತ್ತೆ ಬೆಳಕಾಗಿಸುವ ಯಂತ್ರಗಳು ಬಹುಮಟ್ಟಿಗೆ ತಪ್ಪಿದವು. ಖರ್ಚೆಲ್ಲ ತುದಿಗಳಿಗೆ ಸರಿಯಿತು.

ಆ ತುದಿ ನಮ್ಮ ಹಳ್ಳಿಗೆ ಬಂದದ್ದು, ದೇಶದ ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ 2011ರಲ್ಲಿ ಕೇಂದ್ರ ಒಪ್ಪಿದ ಮೇಲೆ. 2015ರಲ್ಲಿ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು. ಆರಿಸಿಕೊಂಡ ತಂತ್ರಜ್ಞಾನ ಜಿಪಾನ್, ಅಂದರೆ ನಡುದಾರಿಯಲ್ಲಿ ಕರೆಂಟ್ ಬೇಡದ ಫೈಬರ್ ಜಾಲ. ತಾಲ್ಲೂಕಿನ ಎಕ್ಸ್‌ಚೇಂಜಿನಿಂದ ಹೊರಟ ಒಂದು ಎಳೆ ದಾರಿಯಲ್ಲಿ ಸ್ಪ್ಲಿಟರ್‌ನಿಂದ ಹಲವಾಗಿ ಕವಲೊಡೆಯುತ್ತದೆ. ಸ್ಪ್ಲಿಟರ್ ಬರೀ ಗಾಜು, ಅದಕ್ಕೆ ಬ್ಯಾಟರಿಯೂ ಬೇಡ, ಫ್ಯಾನೂ ಬೇಡ. ಬಿಸಿಲಿನ ನಮ್ಮ ಬಯಲುಸೀಮೆಗೆ ಇದಕ್ಕಿಂತ ಒಪ್ಪುವ ವ್ಯವಸ್ಥೆ ಇಲ್ಲವೆಂದೇ ನನ್ನ ನಂಬಿಕೆ.

ತೊಡಕಿರುವುದು ಬೀರುವಿನ ಮೇಲಿನ ಪೆಟ್ಟಿಗೆಯಲ್ಲಿ. ಅದರ ಹೆಸರು ಓಎನ್‌ಟಿ, ಫೈಬರ್‌ನ ಬೆಳಕನ್ನು ಕಂಪ್ಯೂಟರಿಗೆ ಬೇಕಾದ ವಿದ್ಯುತ್ ಸಂಕೇತವಾಗಿಸುವ ತುದಿಯ ಯಂತ್ರ. ಆ ಕವಲುಗಳಲ್ಲಿರುವ ಎಲ್ಲರ ಡೇಟಾವೂ ಪ್ರತಿ ಪೆಟ್ಟಿಗೆಗೆ ಬರುತ್ತದೆ. ತನ್ನದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡುವುದು ಅದರ ಕೆಲಸ. ಹಾಗಾಗಿ ಕಚೇರಿಗೆ ಬೀಗ ಬಿದ್ದ ರಾತ್ರಿಯೂ ಅದು ಕಣ್ಣು ಮುಚ್ಚುವಂತಿಲ್ಲ. 10 ವಾಟ್ ಎಂದಿಟ್ಟುಕೊಂಡರೂ ವರ್ಷಕ್ಕೆ 87 ಯೂನಿಟ್ ದಾಟುತ್ತದೆ. ಒಂದು ಮನೆಗೆ ಅದು ಅಲ್ಪ, ಲಕ್ಷಾಂತರ ಮನೆಗೆ ಅಲ್ಪವಲ್ಲ.

ಮದ್ದು ಇಲ್ಲವೆಂದಲ್ಲ. ಜಿಪಾನ್‌ನ ಮುಂದಿನ ತಲೆಮಾರಾಗಿ 2010ರಲ್ಲಿ ಬಂದ ಎಕ್ಸ್‌ಜಿ-ಪಾನ್ ಮಾನದಂಡದಲ್ಲೇ ನಿದ್ದೆಯ ವಿಧಾನಗಳಿವೆ. ಒಂದರಲ್ಲಿ ಪೆಟ್ಟಿಗೆ ಡೇಟಾ ಕಳಿಸುವ ತನ್ನ ಲೇಸರನ್ನಷ್ಟೇ ನಂದಿಸಿ ಕೇಳಿಸಿಕೊಳ್ಳುತ್ತಿರುತ್ತದೆ, ಇನ್ನೊಂದರಲ್ಲಿ ಕಳಿಸುವುದು, ಕೇಳುವುದು ಎರಡನ್ನೂ ನಿಲ್ಲಿಸಿ ಆಗಾಗ ಎದ್ದು ನೋಡುತ್ತದೆ. ಆದರೆ ಎದ್ದೇಳುವುದು ತಡವಾದರೆ ಫೋನ್ ಕರೆ ತಡವಾಗುತ್ತದೆ. ಚಾಲೂ ಮಾಡುವುದು ಜಾಲ ನಡೆಸುವವರ ಕೈಲಿದೆ, ಕರೆಂಟ್ ಬಿಲ್ಲು ಮಾತ್ರ ಪೆಟ್ಟಿಗೆ ಇಟ್ಟುಕೊಂಡವರದು. ಈ ಗಂಟು ಇನ್ನೂ ಬಿಚ್ಚಿಲ್ಲ.

ನಮ್ಮ ಕಡೆ ಬಿಲ್ಲಿಗಿಂತ ದೊಡ್ಡ ಲೆಕ್ಕ ಬ್ಯಾಟರಿಯದು. 12 ವೋಲ್ಟಿನ 7 ಆಂಪಿಯರ್-ಅವರ್ ಬ್ಯಾಟರಿ 12 ವಾಟಿನ ಪೆಟ್ಟಿಗೆಯನ್ನು ಹೆಚ್ಚೆಂದರೆ 7 ಗಂಟೆ ಎಳೆಯುತ್ತದೆ, 6 ವಾಟಿನದಾದರೆ 14 ಗಂಟೆ. ಬ್ಯಾಟರಿ ಹಳೆಯದಾದಷ್ಟೂ ಎರಡೂ ಇಳಿಯುತ್ತವೆ. ಸಂಪರ್ಕ ಹಾಕಿಸುವಾಗ ಎಷ್ಟು ಎಂಬಿಪಿಎಸ್ ಎಂದು ಎಲ್ಲರೂ ಕೇಳುತ್ತಾರೆ. ಎಷ್ಟು ವಾಟ್ ಎಂದು ಕೇಳಿದವರನ್ನು ನಾನಿನ್ನೂ ಕಂಡಿಲ್ಲ.