ಕಾರಿನ ಗಾಳಿ ಲೆಕ್ಕ: ಆಕ್ಸಿಲರೇಟರ್‌ನಿಂದ ಟೈರ್‌ವರೆಗೆ

ಪೆಟ್ರೋಲ್ ಕಾರಿನಲ್ಲಿ ಆಕ್ಸಿಲರೇಟರ್ ತುಳಿದರೆ ಏನಾಗುತ್ತದೆ? ‘ಪೆಟ್ರೋಲ್ ಜಾಸ್ತಿ ಹೋಗುತ್ತದೆ’ ಅಂತ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಆ ಪೆಡಲ್ ತೆರೆಯುವುದು ಪೆಟ್ರೋಲ್ ದಾರಿಯನ್ನಲ್ಲ, ಗಾಳಿ ದಾರಿಯನ್ನು. ಇಂಜಿನ್‌ಗೆ ಗಾಳಿ ಹೋಗುವ ಕೊಳವೆಯಲ್ಲಿ ಥ್ರಾಟಲ್ ಅನ್ನುವ ದುಂಡನೆಯ ಬಿಲ್ಲೆ ಇರುತ್ತದೆ. ಕಾಲು ಒತ್ತಿದಷ್ಟೂ ಅದು ತಿರುಗಿ ದಾರಿ ಬಿಡುತ್ತದೆ. ಎಷ್ಟು ಗಾಳಿ ಬಂತು ಅಂತ ಸೆನ್ಸರ್ ನೋಡುತ್ತದೆ. ಇಸಿಯು ಎಂಬ ಪುಟ್ಟ ಕಂಪ್ಯೂಟರ್ ಅದಕ್ಕೆ ತಕ್ಕಷ್ಟು ಪೆಟ್ರೋಲನ್ನು ಇಂಜೆಕ್ಟರ್‌ನಿಂದ ಚಿಮ್ಮಿಸುತ್ತದೆ. ಗಾಳಿ ಮೊದಲು, ಪೆಟ್ರೋಲ್ ಆಮೇಲೆ.

ಡೀಸೆಲ್‌ನಲ್ಲಿ ಇದು ಉಲ್ಟಾ. ಅಲ್ಲಿ ಗಾಳಿ ಹೆಚ್ಚುಕಮ್ಮಿ ಪೂರ್ತಿ ಬರುತ್ತಲೇ ಇರುತ್ತದೆ, ಪೆಡಲ್ ಹೇಳುವುದು ಡೀಸೆಲ್ ಎಷ್ಟು ಬೇಕು ಅನ್ನುವುದನ್ನು. ಪರೀಕ್ಷೆಗೆ ಓದುವವರು ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ವೈವಾದಲ್ಲಿ ಕೇಳಿದರೆ ಉಪಯೋಗಕ್ಕೆ ಬರುತ್ತದೆ. ಈ ಟಿಪ್ಪಣಿಯಲ್ಲಿ ಪೆಟ್ರೋಲ್ ಕಾರನ್ನೇ ಇಟ್ಟುಕೊಂಡು, ಗಾಳಿಯ ಜಾಡು ಹಿಡಿದು ಹೋಗೋಣ.

ಒಂದು ಲೀಟರ್‌ಗೆ ಎಷ್ಟು ಗಾಳಿ?

ಪೆಟ್ರೋಲ್ ಸರಿಯಾಗಿ ಉರಿಯಬೇಕಾದರೆ ತೂಕದ ಲೆಕ್ಕದಲ್ಲಿ 1 ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕು. ಒಂದು ಲೀಟರ್ ಪೆಟ್ರೋಲ್ ಸುಮಾರು 0.74 ಕೆಜಿ. ಅಂದರೆ ಅದಕ್ಕೆ ಸುಮಾರು 11 ಕೆಜಿ ಗಾಳಿ ಬೇಕು. ಒಂದು ಘನ ಮೀಟರ್ ಗಾಳಿ 1.2 ಕೆಜಿ ತೂಗುತ್ತದೆ ಅಂತ ಹಿಡಿದರೆ ಇದು 9,000 ಲೀಟರ್ ಗಾಳಿ! ಬಂಕ್‌ನಲ್ಲಿ ದುಡ್ಡು ಕೊಡುವುದು ಒಂದು ಲೀಟರ್‌ಗೆ ಮಾತ್ರ, ಉಳಿದ ಒಂಬತ್ತು ಸಾವಿರ ಪುಕ್ಕಟೆ. ಏರ್ ಫಿಲ್ಟರ್ ಯಾಕೆ ಅಷ್ಟು ಬೇಗ ಧೂಳು ಹಿಡಿಯುತ್ತದೆ ಅನ್ನುವುದಕ್ಕೆ ಬೇರೆ ಉತ್ತರ ಬೇಕಿಲ್ಲ.

ಹೊರಗೆ ಬರುವ ಲೆಕ್ಕವೂ ವಿಚಿತ್ರವಾಗಿ ಕಾಣುತ್ತದೆ. 0.74 ಕೆಜಿ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಹಾಕಿದ್ದಕ್ಕಿಂತ ಮೂರು ಪಟ್ಟು ತೂಕ ಎಲ್ಲಿಂದ ಬಂತು? ಗಾಳಿಯ ಆಮ್ಲಜನಕದಿಂದ. ಪೆಟ್ರೋಲಿನಲ್ಲಿರುವ ಹೈಡ್ರೋಜನ್ ಕೂಡ ಆಮ್ಲಜನಕ ಸೇರಿಸಿಕೊಂಡು ನೀರಾಗುತ್ತದೆ. ಒಂದು ಲೀಟರ್ ಪೆಟ್ರೋಲಿಗೆ ಹತ್ತಿರತ್ತಿರ ಒಂದು ಲೀಟರ್ ನೀರು. ಬಿಸಿಯಾದ ಸೈಲೆನ್ಸರ್‌ನಿಂದ ಅದು ಆವಿಯಾಗಿ ಹೋಗುವುದರಿಂದ ನಮಗೆ ಕಾಣುವುದಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸೈಲೆನ್ಸರ್ ತಣ್ಣಗಿರುತ್ತದೆ, ಆಗ ತೊಟ್ಟಿಕ್ಕುತ್ತದೆ. ಅದನ್ನು ನೋಡಿ ಗಾಬರಿಯಾಗಿ ಗ್ಯಾರೇಜಿಗೆ ಓಡಬೇಕಿಲ್ಲ.

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಹೆಚ್ಚುಕಮ್ಮಿ ಶೇ 10ರಷ್ಟು ಕಡಿಮೆ. ಗಾಳಿ ಕಡಿಮೆಯಾದರೆ ಉರಿಸಬಹುದಾದ ಪೆಟ್ರೋಲೂ ಕಡಿಮೆ, ಆದ್ದರಿಂದ ಟರ್ಬೊ ಇಲ್ಲದ ಕಾರಿನ ಪೂರ್ತಿ ಶಕ್ತಿ ಇಲ್ಲಿ ಸ್ವಲ್ಪ ಕುಗ್ಗುತ್ತದೆ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಪೂರ್ತಿ ಶಕ್ತಿಯನ್ನು ಯಾರು ಕೇಳುತ್ತಾರೆ, ಅದು ಬೇರೆ ಮಾತು. ಟರ್ಬೊ ಇದ್ದರೆ ಹೊರಹೋಗುವ ಹೊಗೆಯೇ ಒಂದು ಫ್ಯಾನ್ ತಿರುಗಿಸಿ ಗಾಳಿಯನ್ನು ಒಳಗೆ ಒತ್ತಿ ತುಂಬುತ್ತದೆ. ಹಾಗಾಗಿ ಎತ್ತರದ ಏಟು ಅದಕ್ಕೆ ಅಷ್ಟಾಗಿ ತಟ್ಟುವುದಿಲ್ಲ.

ಘಾಟಿ ಇಳಿಯುವಾಗ ನ್ಯೂಟ್ರಲ್

ಘಾಟಿ ಇಳಿಯುವಾಗ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತದೆ ಅಂತ ಹಳೆಯ ಡ್ರೈವರ್‌ಗಳು ಹೇಳುತ್ತಿದ್ದರು. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾಗಿ ತಿಳಿದುಕೊಳ್ಳಬೇಕಾದದ್ದು ಇದು. ಸ್ವಲ್ಪ ನಿಧಾನವಾಗಿ ಓದಿ.

ಗೇರಿನಲ್ಲಿದ್ದಾಗ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಥ್ರಾಟಲ್ ಮುಚ್ಚುತ್ತದೆ. ಆದರೆ ಚಕ್ರಗಳು ಇಂಜಿನ್ ಅನ್ನು ತಿರುಗಿಸುತ್ತಲೇ ಇರುತ್ತವೆ. ಪಿಸ್ಟನ್‌ಗಳು ಗಾಳಿ ಎಳೆಯಲು ನೋಡುತ್ತವೆ, ದಾರಿ ಮುಚ್ಚಿದೆ. ಥ್ರಾಟಲ್‌ಗೂ ಪಿಸ್ಟನ್‌ಗಳಿಗೂ ನಡುವಿನ ಜಾಗದಲ್ಲಿ ಒತ್ತಡ ಹೊರಗಿನದಕ್ಕಿಂತ ಬಹಳ ಕೆಳಗಿಳಿಯುತ್ತದೆ. ಇದನ್ನೇ ವ್ಯಾಕ್ಯೂಮ್ ಅನ್ನುತ್ತೇವೆ. ಈ ಎಳೆದಾಟವೂ ಇಂಜಿನ್ ಒಳಗಿನ ತಿಕ್ಕಾಟವೂ ಸೇರಿ ಕಾರನ್ನು ಹಿಂದಕ್ಕೆ ಜಗ್ಗುತ್ತವೆ. ಇಂಜಿನ್ ಬ್ರೇಕಿಂಗ್ ಅಂದರೆ ಇಷ್ಟೇ.

ಮಜಾ ಇರುವುದು ಪೆಟ್ರೋಲ್ ಲೆಕ್ಕದಲ್ಲಿ. ಇಂಜಿನ್ ತಿರುಗಿಸುವ ಕೆಲಸವನ್ನು ಚಕ್ರಗಳೇ ಮಾಡುತ್ತಿವೆ, ಅಲ್ವಾ? ಹಾಗಾದರೆ ಪೆಟ್ರೋಲ್ ಯಾಕೆ? ಇಸಿಯು ಇಂಜೆಕ್ಟರ್‌ಗಳನ್ನು ಪೂರ್ತಿ ಬಂದ್ ಮಾಡುತ್ತದೆ. ಆರ್‌ಪಿಎಂ (ಇಂಜಿನ್ ತಿರುಗುವ ವೇಗ) ಐಡಲ್ ಹತ್ತಿರ, ಅಂದರೆ ನಿಂತ ಕಾರಿನಲ್ಲಿ ಇಂಜಿನ್ ಸುಮ್ಮನೆ ತಿರುಗುವಷ್ಟಕ್ಕೆ, ಇಳಿಯುವವರೆಗೂ ಖರ್ಚು ಸೊನ್ನೆ. ನ್ಯೂಟ್ರಲ್‌ಗೆ ಹಾಕಿದಿರೋ, ಚಕ್ರದ ಜೊತೆಗಿನ ಕೊಂಡಿ ಕಳಚಿತು. ಈಗ ಇಂಜಿನ್ ನಿಲ್ಲದೆ ಇರಬೇಕಾದರೆ ತಾನೇ ಪೆಟ್ರೋಲ್ ಕುಡಿಯಬೇಕು. ಐಡಲ್‌ನಲ್ಲಿ ಗಂಟೆಗೆ ಅರ್ಧದಿಂದ ಒಂದು ಲೀಟರ್‌ವರೆಗೆ ಹೋಗುತ್ತದೆ. ಪೆಟ್ರೋಲ್ ಉಳಿಸೋಣ ಅಂತ ನ್ಯೂಟ್ರಲ್ ಹಾಕಿದವರೇ ಖರ್ಚು ಮಾಡಿದಂತಾಯಿತು.

ಹಾಗಾದರೆ ಹಳೆಯ ಡ್ರೈವರ್‌ಗಳು ಹೇಳುತ್ತಿದ್ದದ್ದು ಸುಳ್ಳೇ? ಅಲ್ಲ. ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ಇದ್ದದ್ದು ಕಾರ್ಬುರೇಟರ್, ಗಾಳಿಗೆ ಪೆಟ್ರೋಲ್ ಬೆರೆಸುವ ಸಾದಾ ಉಪಕರಣ. ಅದಕ್ಕೆ ಬುದ್ಧಿ ಇಲ್ಲ, ಇಂಜಿನ್ ಎಳೆದರೆ ಪೆಟ್ರೋಲ್ ಬಿಡುತ್ತದೆ ಅಷ್ಟೇ. ಅವತ್ತಿನ ಉಳಿತಾಯದ ಮಾತಿಗೆ ಆಧಾರವಿತ್ತು. 2000ರ ಆಸುಪಾಸಿನಲ್ಲಿ ಹೊಗೆಯ ನಿಯಮಗಳು ಬಿಗಿಯಾದವು, ಕಾರುಗಳಿಗೆ ಇಂಜೆಕ್ಷನ್ ಬಂತು. ಕಾರು ಬದಲಾಯಿತು, ಅಭ್ಯಾಸ ಮಾತ್ರ ಹಾಗೇ ಉಳಿಯಿತು.

ಒಂದು ತಕರಾರು ಬರಬಹುದು. ತೀರಾ ಸಣ್ಣ ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಕಾರು ಹೆಚ್ಚು ದೂರ ಉರುಳುತ್ತದೆ, ಜಗ್ಗುವುದಕ್ಕೆ ಇಂಜಿನ್ ಇಲ್ಲವಲ್ಲ. ನಿಜ, ಅಲ್ಲಿ ಲೆಕ್ಕ ಬೇರೆ. ಆದರೆ ಚಾರ್ಮಾಡಿ, ಆಗುಂಬೆ, ಶಿರಾಡಿಯಲ್ಲಿ ನಮಗೆ ಬೇಕಾದದ್ದು ಉರುಳುವುದಲ್ಲ, ವೇಗ ಹಿಡಿದಿಡುವುದು.

ಅದಕ್ಕೂ ಒಂದು ಲೆಕ್ಕ ಹಾಕಿ ನೋಡಿ. ಜನ, ಸಾಮಾನು ಸೇರಿ 1200 ಕೆಜಿ ತೂಗುವ ಕಾರು 600 ಮೀಟರ್ ಇಳಿಯಿತು ಅಂತಿಟ್ಟುಕೊಳ್ಳಿ. ತೂಕ, ಗುರುತ್ವ, ಎತ್ತರ ಗುಣಿಸಿದರೆ ಸುಮಾರು 70 ಲಕ್ಷ ಜೂಲ್. ಮನೆಗೆ ಬರುವ 20 ಲೀಟರ್ ಕ್ಯಾನಿನ ನೀರನ್ನೆಲ್ಲ ಕುದಿಯುವ ಹಂತಕ್ಕೆ ತರುವಷ್ಟು ಶಾಖ ಇದು. ಒಂದಿಷ್ಟನ್ನು ಎದುರುಗಾಳಿ, ಟೈರ್‌ಗಳು ತಿನ್ನುತ್ತವೆ. ನ್ಯೂಟ್ರಲ್‌ನಲ್ಲಿದ್ದರೆ ಉಳಿದದ್ದೆಲ್ಲ ಬ್ರೇಕಿನ ಪಾಲು. ಬ್ರೇಕ್ ಪ್ಯಾಡ್ ಬಿಸಿಯಾಗುತ್ತದೆ, ಆ ಬಿಸಿ ಬ್ರೇಕ್ ಆಯಿಲ್‌ಗೆ ಏರುತ್ತದೆ. ಡಾಟ್ 3 ದರ್ಜೆಯ ಹೊಸ ಬ್ರೇಕ್ ಆಯಿಲ್ ಕುದಿಯುವುದು 205 ಡಿಗ್ರಿಯ ಮೇಲೆ. ಆದರೆ ಅದು ಗಾಳಿಯ ತೇವವನ್ನು ಹೀರುವ ಜಾತಿ. ತೇವ ಸೇರಿದ ಮೇಲೆ 140 ಡಿಗ್ರಿಗೇ ಕುದಿಯಬಹುದು. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ. ದ್ರವವನ್ನು ಅಮುಕಲಾಗದು, ಗುಳ್ಳೆಯನ್ನು ಅಮುಕಬಹುದು. ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಬ್ರೇಕ್ ಆಯಿಲ್ ಖಾಲಿಯಾಗದಿದ್ದರೂ ಎರಡು ವರ್ಷಕ್ಕೊಮ್ಮೆ ಬದಲಿಸಿ ಅನ್ನುವುದು ಇದಕ್ಕೇ.

ಹತ್ತುವಾಗ ಯಾವ ಗೇರ್ ಬೇಕಾಗುತ್ತದೋ ಇಳಿಯುವಾಗಲೂ ಅದೇ ಗೇರ್. ಹಳೆಯ ಮಾತು, ಈಗಲೂ ಸರಿ.

ಇನ್ನು ಕೆಲವರು ಇಂಜಿನ್ ಆಫ್ ಮಾಡಿಯೇ ಇಳಿಯುತ್ತಾರೆ. ಮೇಲೆ ಹೇಳಿದ ವ್ಯಾಕ್ಯೂಮ್ ನೆನಪಿದೆಯಾ? ಪೆಟ್ರೋಲ್ ಕಾರಿನ ಬ್ರೇಕ್ ಬೂಸ್ಟರ್ ಸಾಮಾನ್ಯವಾಗಿ ಅದರಿಂದಲೇ ನಡೆಯುತ್ತದೆ. ಬೂಸ್ಟರ್ ಒಳಗೆ ಒಂದು ಪರದೆ. ಒಂದು ಬದಿ ವ್ಯಾಕ್ಯೂಮ್, ಬ್ರೇಕ್ ಒತ್ತಿದಾಗ ಇನ್ನೊಂದು ಬದಿಗೆ ಹೊರಗಿನ ಗಾಳಿ ನುಗ್ಗುತ್ತದೆ. ಆ ಗಾಳಿಯೇ ನಮ್ಮ ಕಾಲಿನ ಜೊತೆ ಸೇರಿ ತಳ್ಳುತ್ತದೆ. ಇಂಜಿನ್ ಆಫ್ ಆದರೆ ಉಳಿದ ವ್ಯಾಕ್ಯೂಮ್ ಎರಡು ಮೂರು ಸಲ ಒತ್ತುವಷ್ಟರಲ್ಲಿ ಮುಗಿಯುತ್ತದೆ. ಆಮೇಲೆ ಪೆಡಲ್ ಕಲ್ಲು. ನಿಂತ ಕಾರಿನಲ್ಲಿ ಪರೀಕ್ಷಿಸಿ: ಇಂಜಿನ್ ಆಫ್ ಇದ್ದಾಗ ಬ್ರೇಕನ್ನು ನಾಲ್ಕೈದು ಸಲ ಒತ್ತಿ ಗಟ್ಟಿ ಮಾಡಿ, ಕಾಲು ಇಟ್ಟುಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ತಾನಾಗಿ ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ.

ಮಂಜು ಹಿಡಿದ ಗಾಜು

ಮಳೆಗಾಲದಲ್ಲಿ ಗಾಜಿನ ಒಳಗೆ ಮಂಜು ಹಿಡಿಯುವುದು ನಮ್ಮ ಉಸಿರಿನ ತೇವದಿಂದ. ಬಟ್ಟೆಯಲ್ಲಿ ಒರೆಸಿದರೆ ಎರಡೇ ನಿಮಿಷಕ್ಕೆ ಮತ್ತೆ ಬರುತ್ತದೆ. ಎಸಿ ಹಾಕಿ. ಎಸಿ ಗಾಳಿಯನ್ನು ತಣ್ಣಗೆ ಮಾಡುವುದಷ್ಟೇ ಅಲ್ಲ, ಅದರ ನೀರನ್ನೂ ಹಿಂಡಿ ತೆಗೆಯುತ್ತದೆ. ಕಾರಿನ ಕೆಳಗೆ ತೊಟ್ಟಿಕ್ಕುವುದು ಆ ನೀರೇ. ಚಳಿ ಅನ್ನಿಸಿದರೆ ಹೀಟರ್ ಕೂಡ ಜೊತೆಗೆ ಹಾಕಬಹುದು. ಹೀಟರ್ ಬಿಸಿ ಇಂಜಿನ್ ಹೇಗೂ ಹೊರಗೆ ಚೆಲ್ಲುವ ಶಾಖ, ಅದಕ್ಕೆ ಪ್ರತ್ಯೇಕ ಪೆಟ್ರೋಲ್ ಬೇಡ. ಒಳಗಿನ ಗಾಳಿಯನ್ನೇ ಸುತ್ತಿಸುವ ಬಟನ್ ಆಫ್ ಇರಲಿ. ಕರಾವಳಿಯಲ್ಲಿ ಕೆಲವೊಮ್ಮೆ ಎಸಿಯಿಂದ ಗಾಜು ತೀರಾ ತಣ್ಣಗಾಗಿ ಹೊರಗಡೆ ಮಂಜು ಕೂರುತ್ತದೆ. ಆಗ ವೈಪರ್ ಹಾಕಿ, ಎಸಿ ಚಳಿ ಕಡಿಮೆ ಮಾಡಿ.

ಕೊನೆಗೆ ಟೈರ್

1200 ಕೆಜಿ ಕಾರನ್ನು ಹೊತ್ತಿರುವುದು ರಬ್ಬರ್ ಅನ್ನುವುದಕ್ಕಿಂತ ಒಳಗಿನ ಗಾಳಿ ಅನ್ನಬೇಕು. ಒಂದು ಟೈರಿಗೆ 300 ಕೆಜಿ ಪಾಲು. ಗಾಳಿ 33 ಪಿಎಸ್‌ಐ ಇದ್ದರೆ ಅದು ಒಂದು ಚದರ ಸೆಂಟಿಮೀಟರಿಗೆ ಸುಮಾರು 2.3 ಕೆಜಿ. ಭಾಗಿಸಿದರೆ ಸುಮಾರು 130 ಚದರ ಸೆಂಟಿಮೀಟರ್. ಟೈರಿನ ಗೋಡೆಯ ಬಿಗುವಿನಿಂದ ಸ್ವಲ್ಪ ಹೆಚ್ಚುಕಮ್ಮಿ ಆಗಬಹುದು, ಆದರೂ ಅಂಗೈಯಷ್ಟೇ ಜಾಗ. ನಾಲ್ಕೂ ಸೇರಿಸಿದರೂ ಒಂದು ಎ4 ಹಾಳೆಗಿಂತ ಚಿಕ್ಕದು. ತಿರುವಿನಲ್ಲಿ ಹಿಡಿತ, ಮಳೆಯಲ್ಲಿ ಬ್ರೇಕ್, ಎಲ್ಲ ಇಷ್ಟರಲ್ಲೇ ನಡೆಯಬೇಕು.

ಗಾಳಿ ನೋಡಿಸುವುದು ಟೈರ್ ತಣ್ಣಗಿರುವಾಗ. ಪ್ರತಿ 5-6 ಡಿಗ್ರಿ ಬಿಸಿಗೆ ಸುಮಾರು 1 ಪಿಎಸ್‌ಐ ಏರುತ್ತದೆ. ಹೈವೇಯಲ್ಲಿ ಓಡಿಸಿ ಬಂದು ನೋಡಿದರೆ ಜಾಸ್ತಿ ತೋರಿಸುತ್ತದೆ. ಆಗ ಗಾಳಿ ಬಿಟ್ಟು ಸರಿ ಮಾಡಿಸಿದರೆ ಮರುದಿನ ಬೆಳಿಗ್ಗೆ ಕಮ್ಮಿ ಇರುತ್ತದೆ. ನೈಟ್ರೋಜನ್ ಹಾಕಿಸಿ ಅಂತ ಒತ್ತಾಯ ಮಾಡುವವರೂ ಇದ್ದಾರೆ. ಮಾಮೂಲಿ ಗಾಳಿಯಲ್ಲೇ ಶೇ 78 ನೈಟ್ರೋಜನ್ ಇದೆ. ಊರಲ್ಲಿ ಓಡಿಸುವ ಕಾರಿಗೆ ಅದಕ್ಕಾಗಿ ದುಡ್ಡು ಕೊಡುವ ಅಗತ್ಯ ನನಗಂತೂ ಕಾಣುವುದಿಲ್ಲ. ಪುಕ್ಕಟೆ ಹಾಕಿದರೆ ಹಾಕಿಸಿಕೊಳ್ಳಿ. ಹಾಗೆ ಹೋದಾಗ ಡಿಕ್ಕಿ ತೆಗೆದು ಸ್ಟೆಪ್ನಿಗೂ ಒಂದು ಸಲ ಗೇಜ್ ಹಿಡಿಸಿ, ಅದನ್ನು ಕೇಳದಿದ್ದರೆ ಯಾರೂ ನೋಡುವುದಿಲ್ಲ.