ದಿಢೀರ್ ರಜೆಗೊಂದು ಹಳದಿ ಚೀಟಿ

ಜುಲೈನಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮಳೆ ರಜೆಯ ಸುದ್ದಿ ಎಷ್ಟೋ ಸಲ ಬರುವುದು ಯೂನಿಫಾರ್ಮ್ ಹಾಕಿ ಆದ ಮೇಲೆ. ಉಳಿದ ಮಕ್ಕಳು ಕುಣಿಯುತ್ತವೆ. ಆಟಿಸಂ ಇರುವ ಮಗು ಬ್ಯಾಗು ಬಿಡದೆ ಬಾಗಿಲಲ್ಲೇ ಕಿರುಚುತ್ತ ನಿಲ್ಲುತ್ತದೆ. ಮುಂದೇನು ಎಂಬ ಲೆಕ್ಕ ತಪ್ಪಿದ ಗಾಬರಿ ಅದು. ಮನೆಯವರ ಕಣ್ಣಿಗೆ ಹಠ.

ಇದಕ್ಕೆ ತಯಾರಿ ಮೇ ತಿಂಗಳಲ್ಲೇ ಶುರುವಾಗಬೇಕು. ದಿನದಲ್ಲಿ ಒಂದಾದ ಮೇಲೊಂದು ಏನೇನು ನಡೆಯುತ್ತದೆ ಎಂದು ಮಗುವಿಗೆ ತೋರಿಸುವ ಫೋಟೊ ಕಾರ್ಡುಗಳು ಮೊದಲು ಬೇಕು. ಮಗುವಿನ ತಟ್ಟೆ, ಅದು ಹತ್ತುವ ಬಸ್ಸು, ಶಾಲೆಯ ಗೇಟು ಇವುಗಳ ಫೋಟೊ ಮೊಬೈಲಿನಲ್ಲಿ ತೆಗೆಯಿರಿ. ನೆಟ್ಟಿನಿಂದ ಇಳಿಸಿದ ಹಳದಿ ಸ್ಕೂಲ್ ಬಸ್ಸು ತೋರಿಸಿದರೆ, ತಾನು ದಿನಾ ಹತ್ತುವ ಕೆಂಪು ಬಸ್ಸೇ ಅದು ಎಂದು ಮಗುವಿಗೆ ಹೊಳೆಯದಿರಬಹುದು. ಅಂಗೈ ಅಗಲಕ್ಕೆ ಪ್ರಿಂಟ್ ಹಾಕಿಸಿ. ಲ್ಯಾಮಿನೇಶನ್ ಮಾಡಿಸುವಾಗ ಸುತ್ತಲೂ ಅರ್ಧ ಸೆಂಟಿಮೀಟರ್ ಅಂಚು ಬಿಡಿಸಿ; ಒತ್ತಿ ಕತ್ತರಿಸಿದರೆ ನಮ್ಮ ಥಂಡಿಗೆ ಒಳಗೇ ಬೂಷ್ಟು ಹಿಡಿಯುತ್ತದೆ. ಗೋಡೆಗೆ ಅಂಟಿಸಿದ ವೆಲ್ಕ್ರೋ ಆಷಾಢಕ್ಕೆ ಕಿತ್ತು ಬರುತ್ತದೆ, ಹಗ್ಗ ಕಟ್ಟಿ ಬಟ್ಟೆ ಕ್ಲಿಪ್ಪಿಗೆ ಸಿಕ್ಕಿಸುವುದೇ ವಾಸಿ. ಮೊದಲಿಗೆ 3 ಕಾರ್ಡು ಸಾಕು. ಮುಗಿದದ್ದನ್ನು ಮಗುವೇ ತೆಗೆದು ಡಬ್ಬಿಗೆ ಹಾಕಲಿ.

ಇದು ರೂಢಿಯಾದ ಮೇಲೆ ಹಳದಿ ಚೀಟಿ. ‘ಬದಲಾಗಿದೆ’ ಎಂದಷ್ಟೇ ಅದರ ಅರ್ಥ. ಮೊದಲ ಹತ್ತು ಸಲ ಬದಲಾವಣೆ ಮಗುವಿಗೆ ಇಷ್ಟವಾದದ್ದೇ ಆಗಿರಲಿ: ‘ಬರೆಯುವುದು’ ಎಂಬ ಕಾರ್ಡಿನ ಮೇಲೆ ಹಳದಿ ಚೀಟಿ, ಪಕ್ಕದಲ್ಲಿ ಉಯ್ಯಾಲೆಯ ಕಾರ್ಡು. ಆಮೇಲೆ ದೋಸೆಯ ಬದಲು ಕಡುಬಿನಂಥ ಸಣ್ಣಪುಟ್ಟವು. ಶಾಲೆ ಇಲ್ಲ ಎನ್ನುವುದು ಕಟ್ಟಕಡೆಗೆ. ಹೆಚ್ಚಿನ ಮನೆಗಳಲ್ಲಿ ಎಡವುವುದು ಇಲ್ಲೇ. ಚೀಟಿ ಮೊದಲ ಸಲ ಹೊರಬರುವುದೇ ಶಾಲೆ ತಪ್ಪಿದ ದಿನ. ಅಲ್ಲಿಂದಾಚೆ ಹಳದಿ ಬಣ್ಣ ಕಂಡರೇ ಮಗು ಕಿವಿ ಮುಚ್ಚಿಕೊಳ್ಳುತ್ತದೆ. ತೋರಿಸುವಾಗ “ಶಾಲೆ ಇಲ್ಲ. ಉಯ್ಯಾಲೆ” ಎಂದಷ್ಟೇ ಹೇಳಿ, ಹತ್ತು ಸೆಕೆಂಡು ಸುಮ್ಮನಿರಿ. ಅಜ್ಜಿ, ಚಿಕ್ಕಪ್ಪ ಎಲ್ಲ ಸೇರಿ ಸಮಾಧಾನ ಹೇಳಲು ಹೊರಟರೆ ಕೆಲಸ ಕೆಟ್ಟಿತು.

ಶೀಟಿನ ಮಾಡಿನ ಮೇಲೆ ಮಳೆ ಹೊಡೆಯುತ್ತಿದ್ದರೆ ಮೊದಲು ಸದ್ದು ಕಡಿಮೆ ಇರುವ ಕೋಣೆ, ಇಲ್ಲವೇ ಇಯರ್ ಮಫ್. ಚೀಟಿ ಆಮೇಲೆ.

ರಜೆಯ ದಿನ ಇನ್ನೊಂದು ಅಪಾಯವಿದೆ. ದೊಡ್ಡವರು ಕೊಟ್ಟಿಗೆ, ತೋಟ ಎಂದು ಚದುರಿದಾಗ ಮಗು ಸದ್ದಿಲ್ಲದೆ ಹೊರಬೀಳಬಹುದು. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ನೀರೆಂದರೆ ಎಲ್ಲಿಲ್ಲದ ಸೆಳೆತ. ಹೀಗೆ ತಪ್ಪಿಸಿಕೊಂಡ ಮಕ್ಕಳ ಸಾವಿಗೆ ಮುಳುಗುವುದೇ ದೊಡ್ಡ ಕಾರಣ. ಬಾವಿಗೆ ಜಾಲರಿ, ಕೃಷಿಹೊಂಡಕ್ಕೆ ಬೇಲಿ, ಬಾಗಿಲಿಗೆ ಗಂಟೆ ಕಟ್ಟಿ. ಮಗು ಕಾಣದಿದ್ದರೆ ಮೊದಲು ನೀರಿದ್ದ ಕಡೆ ಓಡಿ.

ರಜೆ ಗೊತ್ತಾದ ಕೂಡಲೇ ಒಂದು ಫೋನ್ ಮಾಡಿ ಎಂದು ಟೀಚರನ್ನು ಕೇಳಲು ಸಂಕೋಚ ಬೇಡ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಅಂಗವೈಕಲ್ಯಗಳಲ್ಲಿ ಆಟಿಸಂ ಇದೆ; ಮಗುವಿಗೆ ತಕ್ಕ ಅನುಕೂಲವನ್ನು ಶಾಲೆ ಮಾಡಿಕೊಡಬೇಕೆಂದೂ ಅದರಲ್ಲಿದೆ. ದಯೆ ಬೇಡುವ ಮಾತೇ ಇಲ್ಲ. ಚೀಟಿಯ ಇನ್ನೊಂದು ಪ್ರತಿ ಕ್ಲಾಸಿನಲ್ಲೂ ಇರಲಿ, ಮಳೆಗೆ ಆಟದ ಪೀರಿಯಡ್ ತಪ್ಪಿದ ದಿನ ಟೀಚರಿಗೂ ಬೇಕಾಗುತ್ತದೆ.